ಹಾಳೆಯಲ್ಲಿ 18, ಬಾಯಲ್ಲಿ ಮಾತಿಲ್ಲ

ದಾಳದ ಕಟ್ಟೆ: ಓದುಗರ ಪ್ರಶ್ನೆಗೆ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ತಗಾದೆ. ಪಾತ್ರದ ಹಾಳೆಯಲ್ಲಿ ಬರೆದ ಅಂಕಿ ದೊಡ್ಡದೋ, ಕುರ್ಚಿಯಲ್ಲಿ ಕೂತವರ ತಲೆ, ನಾಲಿಗೆ ದೊಡ್ಡದೋ ಎಂದು. ಅಂಕಣಕ್ಕೆ ಹೊಸಬರಾದವರಿಗೆ ಎರಡು ಮಾತು: ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಮೇಜಿನ ಸುತ್ತ ನಾಲ್ಕೈದು ಜನ ಕೂತು ಬಾಯಲ್ಲೇ ಕಟ್ಟುವ ಕಥೆ. ಅವರಲ್ಲಿ ಒಬ್ಬರು ಗೇಮ್ ಮಾಸ್ಟರ್, ಅಂದರೆ ಆ ಲೋಕವನ್ನೂ ಅದರ ಕಾವಲುಗಾರರನ್ನೂ ರಾಕ್ಷಸರನ್ನೂ ನಡೆಸುವವರು. ಉಳಿದವರಿಗೆ ತಲಾ ಒಂದು ಪಾತ್ರ. ಆ ಪಾತ್ರದ ಬಲಕ್ಕೆ, ಚುರುಕಿಗೆ, ಬುದ್ಧಿಗೆ, ಮಾತಿನ ಮೋಡಿಗೆ ಹಾಳೆಯಲ್ಲಿ ಅಂಕಿ ಇರುತ್ತದೆ. ಏನಾಗುತ್ತದೋ ಖಾತ್ರಿಯಿಲ್ಲದಾಗ ದಾಳ ಹಾಕುತ್ತಾರೆ. ಇಷ್ಟು ಸಾಕು.

ಪ್ರಶ್ನೆ: ನಾನು ಸಂಕೋಚದವಳು, ನಾಲ್ಕು ಜನರ ಮುಂದೆ ಮಾತು ಹೊರಡುವುದಿಲ್ಲ. ಅದಕ್ಕೇ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಬಾರ್ಡ್, ಅಂದರೆ ಹಾಡುಗಾರನ ಪಾತ್ರ ತಗೊಂಡೆ, ಕರಿಸ್ಮಾ (ಮಾತಿನ ಮೋಡಿ) 18. ಕಳೆದ ವಾರ ಕೋಟೆ ಬಾಗಿಲಲ್ಲಿ ಕಾವಲುಗಾರ ಅಡ್ಡ ಹಾಕಿದ. 'ಮಾತಾಡಿ ಒಪ್ಪಿಸುತ್ತೇನೆ' ಅಂದೆ. ನಮ್ಮ ಡಿ.ಎಂ. (ಡಂಜನ್ ಮಾಸ್ಟರ್, ಈ ಆಟದಲ್ಲಿ ಗೇಮ್ ಮಾಸ್ಟರ್‌ಗೆ ಇರುವ ಹೆಸರು) 'ಏನು ಮಾತಾಡ್ತೀ, ಆಡಿ ತೋರಿಸು' ಅಂದರು. ನಾನು ತಡವರಿಸಿದೆ. ದಾಳ ಹಾಕಲೂ ಬಿಡದೆ 'ಅವನು ಒಪ್ಪಲಿಲ್ಲ' ಅಂದರು. ಆಮೇಲೆ ವಕೀಲಿಕೆ ಮಾಡುವ ಗೆಳೆಯ, ಅವನ ಪಾತ್ರದ ಕರಿಸ್ಮಾ 8, ಎರಡು ನಿಮಿಷ ಭಾಷಣ ಮಾಡಿ ಬಾಗಿಲು ತೆಗೆಸಿಬಿಟ್ಟ. ಹಾಗಾದರೆ ನನ್ನ 18 ಯಾತಕ್ಕೆ?
(ಶಿವಮೊಗ್ಗದ ಓದುಗರು)

ಉತ್ತರ: ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಇದೇ ತಪ್ಪನ್ನು ನಾನು ಆರೇಳು ವರ್ಷ ಮಾಡಿದ್ದೇನೆ.

ನಮ್ಮ ಗಿರಿನಗರದ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಎಲೆ ಎತ್ತಿ ಮೇಜು ಒರೆಸಿ ದಾಳ ಸುರಿಯುವುದು 2011ರಿಂದ ನಡೆದುಬಂದ ರೂಢಿ. ಆ ಗುಂಪಿನಲ್ಲಿ ಒಬ್ಬ ಗೆಳೆಯನಿಗೆ ತೊದಲು. ಅವನು ಪ್ರತಿ ಸಲವೂ ಕೊಡಲಿ ಹಿಡಿದ ಬಾರ್ಬೇರಿಯನ್‌ನನ್ನೇ ಆರಿಸುತ್ತಿದ್ದ. ಹೊಡೆದಾಟ ಇಷ್ಟವಿರಬೇಕು ಎಂದುಕೊಂಡು ನಾನೂ ಅವನ ದಾರಿಗೆ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರನ್ನು ಧಾರಾಳವಾಗಿ ಬಿಡುತ್ತಿದ್ದೆ. ಒಂದು ದಿನ ನಾನು ಚಹಾ ಸೋಸುತ್ತಿದ್ದಾಗ ಅಡುಗೆಮನೆಗೆ ಬಂದು, 'ಒಂದು ಸಲ ನನಗೂ ಮಾತಲ್ಲಿ ಗೆಲ್ಲೋನು ಆಗಬೇಕು ಅಂತ ಆಸೆ ಕಣೋ. ಆದರೆ ನೀನು ಆಡಿ ತೋರಿಸು ಅಂತೀಯಲ್ಲ' ಅಂದ. ಇದನ್ನು ಹೇಳುವುದಕ್ಕೆ ಅವನಿಗೆ ಸುಮಾರು ಹೊತ್ತು ಹಿಡಿಯಿತು. ಚಹಾ ಆರಿತು.

ಅವನ ಬಾರ್ಬೇರಿಯನ್ ಕಬ್ಬಿಣದ ಬಾಗಿಲು ಒಡೆಯುವಾಗ 'ಎಲ್ಲಿ, ನಮ್ಮ ಹಿತ್ತಲಿನ ಒರಳುಕಲ್ಲು ಎತ್ತಿ ತೋರಿಸು' ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ತೋಳಿನ ಬಲಕ್ಕೆ ಹಾಳೆಯ ಅಂಕಿ ಸಾಕು, ನಾಲಿಗೆಯ ಬಲಕ್ಕೆ ಮಾತ್ರ ಸ್ವಂತ ನಾಲಿಗೆಯೇ ಬೇಕು ಅನ್ನುವುದು ಯಾವ ನ್ಯಾಯ?

ಲೆಕ್ಕ ಹಾಕಿ ನೋಡೋಣ. ನೀವು ಆಡುವುದು ಐದನೇ ಆವೃತ್ತಿ ಎಂದುಕೊಳ್ಳುತ್ತೇನೆ. ಕರಿಸ್ಮಾ 18 ಅಂದರೆ 20 ಮುಖದ ದಾಳಕ್ಕೆ 4 ಕೂಡಿಸಬೇಕು. ಮನವೊಲಿಕೆಯಲ್ಲಿ ನಿಮ್ಮ ಬಾರ್ಡ್ ಪಳಗಿದ್ದರೆ ಮೊದಲ ಹಂತದಲ್ಲೇ ಇನ್ನೂ 2. ಕಾವಲುಗಾರನನ್ನು ಒಪ್ಪಿಸುವುದು ಮಧ್ಯಮ ಕಷ್ಟದ ಕೆಲಸ, 15 ಮುಟ್ಟಬೇಕು ಅನ್ನೋಣ. ನಿಮಗೆ ದಾಳದಲ್ಲಿ 9 ಬಿದ್ದರೆ ಆಯಿತು, ನೂರಕ್ಕೆ 60 ಸಲ ಬಾಗಿಲು ತೆರೆಯುತ್ತದೆ. ವಕೀಲರ ಪಾತ್ರಕ್ಕೆ ಒಂದು ಕಳೆಯಬೇಕು, 16 ಬೀಳಬೇಕು, ನೂರಕ್ಕೆ 25. ನಿಮ್ಮ ಡಿ.ಎಂ. ಮಾಡಿದ್ದೇನೆಂದರೆ ಆ 60ನ್ನು ಸೊನ್ನೆ ಮಾಡಿ 25ನ್ನು ನೂರು ಮಾಡಿದ್ದು. ಅಂಕಿ ಹಂಚುವಾಗ ಕರಿಸ್ಮಾಗೆ 8 ಇಟ್ಟು ಉಳಿದದ್ದನ್ನು ಬಲಕ್ಕೆ ಸುರಿದುಕೊಂಡ ವಕೀಲರಿಗೆ ಇದು ಪುಕ್ಕಟೆ ಲಾಭ.

ಡಿ.ಎಂ. ಪರವಾಗಿಯೂ ಒಂದು ಮಾತಿದೆ, ಅದನ್ನು ಮುಚ್ಚಿಡುವುದಿಲ್ಲ. 'ಒಪ್ಪಿಸುತ್ತೇನೆ' ಎಂದು ದಾಳ ಎಸೆದರೆ ಕಥೆಗೆ ಏನೂ ಸೇರುವುದಿಲ್ಲ. ಲಂಚ ಕೊಟ್ಟಿರೋ, ಹೆದರಿಸಿದಿರೋ, ಅವನ ಹೆಂಡತಿಯ ತವರಿನವರು ಅಂದಿರೋ? ನಾಳೆ ಅವನು ಯಾರಿಗೆ ಏನೆಂದು ಹೇಳಿಯಾನು?

ನಾನು ಹುಟ್ಟಿ ಬೆಳೆದದ್ದು ಉಪ್ಪಿನಂಗಡಿ ಕಡೆ. ಅಪ್ಪನ ಮಗ್ಗುಲಲ್ಲಿ ಕೂತು ತಾಳಮದ್ದಳೆ ಕೇಳುತ್ತಾ ಅಲ್ಲೇ ನಿದ್ದೆಹೋದ ಹುಡುಗ. ಗೊತ್ತಿಲ್ಲದವರಿಗೆ: ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪದ್ಯಕ್ಕೆ ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಒಮ್ಮೆ ವಾಲಿವಧೆ ಪ್ರಸಂಗ. ಬಾಣ ತಗುಲಿ ಬಿದ್ದ ವಾಲಿ, ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷತ್ರಿಯ ಧರ್ಮ ಎಂದು ರಾಮನನ್ನು ಹಿಡಿದುಕೊಂಡ. ವಾಲಿಯ ಅರ್ಥ ಹೇಳುತ್ತಿದ್ದವರು ಘಟಾನುಘಟಿ. ರಾಮ ನಮ್ಮೂರ ಶಾಲೆಯ ಮೇಷ್ಟ್ರು. ಹತ್ತು ನಿಮಿಷದಲ್ಲಿ ಮೇಷ್ಟ್ರು ಬೆವರಿದರು, ಸಭೆಯೆಲ್ಲ ವಾಲಿಯ ಪಕ್ಷ. ಆಗ ಭಾಗವತರು ಸದ್ದಿಲ್ಲದೆ ಮುಂದಿನ ಪದ್ಯ ಎತ್ತಿಕೊಂಡರು. ಮಾತಿನಲ್ಲಿ ಯಾರೇ ಗೆದ್ದಿರಲಿ, ವಾಲಿ ಸಾಯಲೇಬೇಕು.

ನಮ್ಮ ಮೇಜಿನಲ್ಲಿ ಭಾಗವತರ ಜಾಗದಲ್ಲಿ ದಾಳ ಇದೆ. ಅಲ್ಲಿ ಕೊನೆ ಮೊದಲೇ ಗೊತ್ತು, ಇಲ್ಲಿ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ. ಇನ್ನೊಂದು ವ್ಯತ್ಯಾಸವೂ ಇದೆ. ತಾಳಮದ್ದಳೆಗೆ ಬರುವವರು ಮಾತು ಬಲ್ಲವರೆಂದೇ ಆಮಂತ್ರಣ ಪಡೆದು ಬಂದವರು. ನಿಮ್ಮ ಡಿ.ಎಂ. ಯಾರಿಗೂ ತಿಳಿಸದೆ ತಾಳಮದ್ದಳೆ ಇಟ್ಟುಕೊಂಡಿದ್ದಾರೆ, ನೀವು ಆಟ ಎಂದುಕೊಂಡು ಹೋಗಿದ್ದೀರಿ.

ಅಡುಗೆಮನೆಯ ಆ ಮಾತಾದ ಮೇಲೆ ನಮ್ಮಲ್ಲಿ ಬದಲಾಯಿಸಿಕೊಂಡದ್ದು ಹೀಗೆ. ಏನು ಹೇಳಬೇಕು ಎನ್ನುವುದನ್ನು ಆಟಗಾರರು ತರಬೇಕು, ಅದನ್ನು ಎಷ್ಟು ಚೆಂದ ಹೇಳಿದರು ಎನ್ನುವುದನ್ನು ಪಾತ್ರದ ಅಂಕಿ ಮತ್ತು ದಾಳ ನೋಡಿಕೊಳ್ಳುತ್ತವೆ. ನೀವು ಬಾರ್ಡ್‌ನ ದನಿಯಲ್ಲಿ ಮಾತಾಡಬೇಕಾಗಿಲ್ಲ. 'ಇವನಿಗೆ ರಾತ್ರಿ ಪಾಳಿಯ ಬೇಸರ ಇರುತ್ತದೆ. ನಾವು ಜಾತ್ರೆಗೆ ಬಂದ ಮೇಳದವರು, ದಾರಿ ತಪ್ಪಿ ತಡವಾಯಿತು ಎಂದು ನನ್ನ ಪಾತ್ರ ಹೇಳಿ, ಅವನೂರ ಕಡೆಯ ಒಂದು ಹಾಡು ಗುನುಗುತ್ತದೆ' ಅನ್ನಿ. ಇದನ್ನು ತಲೆ ತಗ್ಗಿಸಿಕೊಂಡು, ಹಾಳೆ ನೋಡಿಕೊಂಡೇ ಹೇಳಬಹುದು. ಯೋಚನೆ ಒಳ್ಳೆಯದಿದ್ದರೆ ಡಿ.ಎಂ. ಎರಡು ದಾಳ ಹಾಕಿಸಿ ದೊಡ್ಡದನ್ನು ಎಣಿಸಲಿ, ನಿಯಮದಲ್ಲೇ ಅದಕ್ಕೆ ಅಡ್ವಾಂಟೇಜ್ ಎಂಬ ಅನುಕೂಲ ಇದೆ. ಆಗ ನಿಮ್ಮ 60 ಹೋಗಿ 84 ಆಗುತ್ತದೆ. ವಕೀಲರ ಭಾಷಣಕ್ಕೂ ಅದೇ ಅನುಕೂಲ ಸಿಗಲಿ, ಅವರ 25 ಸುಮಾರು 44ಕ್ಕೆ ಏರುತ್ತದೆ. ಚೆನ್ನಾಗಿ ಯೋಚಿಸಿದವರಿಗೆ ಬೆಲೆ ಸಿಕ್ಕಿತು, 18 ಇಟ್ಟವರಿಗೂ ಬೆಲೆ ಸಿಕ್ಕಿತು.

ತೊದಲುವ ಗೆಳೆಯ ಈಗ ಮೂರು ವರ್ಷದಿಂದ ರಾಜದೂತ. ಅವನ ಕೊಡಲಿ ನಮ್ಮ ಮನೆ ಕಪಾಟಿನಲ್ಲಿದೆ, ಅಂದರೆ ಆ ಹಳೆಯ ಹಾಳೆ.

ಪ್ರಶ್ನೆ: ನಮ್ಮ ಹುಡುಗ್ರು ಖೋಲಿಗೆ ಕಾಲಿಟ್ಟ ಕೂಡ್ಲೇ 'ಪರ್ಸೆಪ್ಷನ್ ಹಾಕ್ತೀನ್ರಿ' ಅಂತಾರ, ಅಂದ್ರ ಸುತ್ತ ಏನೈತಿ ಅಂತ ಗಮನ್ಸೂ ದಾಳ. ಖೋಲ್ಯಾಗ ಏನೈತಿ ಅಂತ ನಾ ಹೇಳೂದನ್ನೂ ಕೇಳಂಗಿಲ್ಲ. ದಾಳ ಬಂದ ಮ್ಯಾಲೆ ತಲಿ ಓಡ್ಸೂದ ಬಿಟ್ಟಾರ. ಏನ್ ಮಾಡ್ಲಿ?
(ಧಾರವಾಡದ ಗೇಮ್ ಮಾಸ್ಟರ್ ಒಬ್ಬರು)

ಉತ್ತರ: ಶಿವಮೊಗ್ಗದ ರೋಗಕ್ಕೆ ಪೂರ್ತಿ ತಿರುಗುಮುರುಗಾದ ರೋಗ ನಿಮ್ಮದು. ಇದರ ಬೇರು ಸ್ವಲ್ಪ ಹಿಂದಿದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟವನ್ನು ಮೂರು ತೆಳ್ಳಗಿನ ಪುಸ್ತಿಕೆಗಳಲ್ಲಿ ತಂದಾಗ ಬಲ, ಬುದ್ಧಿ ಮೊದಲಾದ ಆರು ಅಂಕಿಗಳಿದ್ದವು. ಆದರೆ ಕೋಣೆ ಹುಡುಕುವುದಕ್ಕೆ, ಮಾತಿನಿಂದ ಒಲಿಸುವುದಕ್ಕೆ ಈಗಿನಂಥ ಕೌಶಲಗಳ ಪಟ್ಟಿ ಇರಲಿಲ್ಲ. ನೆಲದಲ್ಲಿ ಗುಂಡಿ ಇದೆಯೋ ಎಂದು ತಿಳಿಯಬೇಕಾದರೆ ಹತ್ತಡಿ ಕೋಲು ಹಿಡಿದು ಕುಟ್ಟುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕಿತ್ತು. 1975ರ ಗ್ರೇಹಾಕ್ ಪುರವಣಿಯಲ್ಲಿ ಕಳ್ಳನ ಪಾತ್ರ ಬಂತು. ಬೀಗ ತೆರೆಯಲು, ವಿಷದ ಸೂಜಿಯಂಥ ಬಲೆ ಕಳಚಲು, ನೆರಳಲ್ಲಿ ಅಡಗಲು ಅವನಿಗೆ ಶೇಕಡಾ ಲೆಕ್ಕ ಕೊಟ್ಟರು. ಅಲ್ಲಿಂದ ಬಾಗಿಲು ತೆರೆದುಕೊಂಡಿತು. 2000ದಲ್ಲಿ ಮೂರನೇ ಆವೃತ್ತಿ ಬರುವಷ್ಟರಲ್ಲಿ ಹುಡುಕುವುದಕ್ಕೆ ಒಂದು, ಕಾಣುವುದಕ್ಕೆ ಒಂದು, ಕೇಳಿಸಿಕೊಳ್ಳುವುದಕ್ಕೆ ಒಂದು, ಸಂಧಾನಕ್ಕೆ ಒಂದು ಕೌಶಲದ ಅಂಕಿ ಇತ್ತು. ನಿಮ್ಮ ಹುಡುಗರು ಹುಟ್ಟಿದ್ದೇ ಆಮೇಲೆ, ಅವರ ತಪ್ಪಿಲ್ಲ.

ಇನ್ನೊಂದು ತುದಿಯೂ ಇದೆ. 1975ರಲ್ಲೇ ಬಾಲ್ಟಿಮೋರ್‌ನ ಒರಿಜಿನ್ಸ್ ಸಮಾವೇಶದ ಪಂದ್ಯಕ್ಕೆ ಗೈಗ್ಯಾಕ್ಸ್ ಒಂದು ಸಮಾಧಿ ಕಟ್ಟಿದ. ಟೂಂಬ್ ಆಫ್ ಹಾರರ್ಸ್ ಎಂದು 1978ರಲ್ಲಿ ಅಚ್ಚಾಯಿತು. (ಅದನ್ನು ಮುಂದೆ ಆಡಬೇಕೆಂದಿರುವವರು ಈ ಪ್ಯಾರಾ ಬಿಟ್ಟುಬಿಡಿ.) ಹಜಾರದ ಗೋಡೆಯಲ್ಲಿ ಬಾಯ್ತೆರೆದ ಹಸಿರು ಭೂತದ ಮುಖ. ಬಾಯೊಳಗೆ ಕಗ್ಗತ್ತಲೆ. ಒಳಗೆ ನುಸುಳಿದವರು ಇಲ್ಲವಾಗುತ್ತಾರೆ. ಎಷ್ಟು ದೊಡ್ಡ ಮಟ್ಟದ ವೀರನಾದರೂ ಹಾಳೆಯ ಅಂಕಿ ಅಲ್ಲಿ ಕಾಯುವುದಿಲ್ಲ, ಮೊದಲು ಒಂದು ಕೋಲು ತೂರಿಸಿ ನೋಡೋಣ ಅನ್ನುವ ಬುದ್ಧಿ ಕಾಯುತ್ತದೆ. ನಾನು ಕೋಲು ತೂರಿಸಲಿಲ್ಲ, ಹತ್ತು ತಿಂಗಳು ಸಾಕಿದ ಪಲಾಡಿನ್, ಅಂದರೆ ಧರ್ಮಯೋಧ, ಹೋದ. ಅವತ್ತು ಸಿಟ್ಟಿನಲ್ಲಿ ಊಟ ಮಾಡಲಿಲ್ಲ, ಈಗ ನೆನೆದರೆ ನ್ಯಾಯವೇ ಅನ್ನಿಸುತ್ತದೆ. ಕಲ್ಲಿನ ಬಾಯಿಗೆ ಕೋಲು ತೂರಿಸಲು ನಾಲಿಗೆ ಚುರುಕಿರಬೇಕಾಗಿಲ್ಲ. ಸಂಕೋಚದವರೂ ತೂರಿಸಬಹುದು.

2008ರಲ್ಲಿ ಮ್ಯಾಟ್ ಫಿಂಚ್ ಎಂಬವರು ಹಳೇ ಕಾಲದ ಆಟದ ಬಗ್ಗೆ ಒಂದು ಕಿರುಹೊತ್ತಗೆ ಬರೆದು, ಪಾತ್ರದ ಅಂಕಿಗಿಂತ ಆಟಗಾರನ ಜಾಣತನವೇ ಮುಖ್ಯ ಎಂದು ವಾದ ಹೂಡಿದರು. ಅದನ್ನು ಓದಿ ತಲೆ ತಿರುಗಿದವರಲ್ಲಿ ನಾನೂ ಒಬ್ಬ. ಕೋಣೆ ಹುಡುಕುವ ವಿಷಯದಲ್ಲಿ ಈಗಲೂ ಅದು ಸರಿ ಅನ್ನುತ್ತೇನೆ. ಅದನ್ನೇ ಮಾತಿಗೂ ಹಚ್ಚಿದ್ದು ನನ್ನ ಪೆದ್ದುತನ, ಮೇಲಿನ ಉತ್ತರದಲ್ಲಿ ಒಪ್ಪಿಕೊಂಡಿದ್ದೇನೆ.

ನಿಮಗೆ ಹೇಳುವುದಿಷ್ಟು. ದಾಳ ಮುಟ್ಟುವ ಮೊದಲು 'ಎಲ್ಲಿ, ಹೆಂಗ' ಎಂಬ ಎರಡು ಪ್ರಶ್ನೆ ಕೇಳಿ. ಕೋಣೆಯಲ್ಲಿ ಮೇಜು, ಮೇಜಿಗೆ ಖಾನೆ, ಖಾನೆಗೆ ಕಳ್ಳತಳ, ಅದರಡಿ ಪತ್ರ ಇದೆ ಅನ್ನೋಣ. 'ಖಾನೆ ಹೊರಗೆ ಎಳೆದು ಬೋರಲು ಹಾಕಿ ತಳ ಬಡಿಯುತ್ತೇನೆ' ಅಂದವನಿಗೆ ದಾಳ ಬೇಡ, ಪತ್ರ ಕೈಗೆ ಕೊಡಿ. 'ಮೇಜು ಹುಡುಕುತ್ತೇನೆ' ಅಂದವನಿಗೆ ಸುಲಭದ ದಾಳ. 'ಖೋಲಿ ನೋಡ್ತೀನಿ' ಅಂದವನಿಗೆ ಕಷ್ಟದ ದಾಳ, ಜೊತೆಗೆ ಅರ್ಧ ಗಂಟೆ ಖರ್ಚು, ಹೊರಗೆ ಬೂಟಿನ ಸದ್ದು. ಎರಡು ಸೆಷನ್ ಕಳೆಯುವುದರೊಳಗೆ ನಿಮ್ಮ ಹುಡುಗರು ಹಾಸಿಗೆಯ ಹತ್ತಿ ಕೂಡ ಬಿಡಿಸಿ ನೋಡುತ್ತಾರೆ. ಆಗ ಅತಿಯಾಯಿತು ಎಂದು ಇನ್ನೊಂದು ಕಾಗದ ಬರೆಯುತ್ತೀರಿ.

ಒಂದು ಎಚ್ಚರಿಕೆ. ಆ ಪತ್ರವಿಲ್ಲದೆ ಕಥೆ ಮುಂದೆ ಹೋಗುವುದೇ ಇಲ್ಲ ಅಂತಾದರೆ ಅದನ್ನು ದಾಳಕ್ಕೆ ಬಿಡಬೇಡಿ. ಪತ್ತೇದಾರಿ ಕಥೆಗಳಲ್ಲಿ ಈ ತೊಂದರೆ ಹೆಚ್ಚು. ಆಟ ಕಟ್ಟುವ ರಾಬಿನ್ ಲಾಸ್ ಅವರ ಗಮ್‌ಶೂ ಎಂಬ ಆಟದ ಪದ್ಧತಿ 2007ರಲ್ಲಿ ಬಂದದ್ದೇ ಇದಕ್ಕೆ ಮದ್ದಾಗಿ. ಅದರಲ್ಲಿ ಸರಿಯಾದ ವಿದ್ಯೆ ಇರುವ ಪಾತ್ರ ಸರಿಯಾದ ಜಾಗದಲ್ಲಿ ಆ ವಿದ್ಯೆ ಬಳಸಿದರೆ ಸುಳಿವು ಸಿಕ್ಕೇ ಸಿಗುತ್ತದೆ. ಆ ಸುಳಿವಿನ ಅರ್ಥ ಬಿಡಿಸುವುದು ಮಾತ್ರ ಕುರ್ಚಿಯಲ್ಲಿ ಕೂತವರ ತಲೆನೋವು. ಈ ಪಾಲು ನನಗೆ ಬಹಳ ಹಿಡಿಸಿದೆ.

ಪ್ರಶ್ನೆ: ನಾನು ಗಣಿತದ ಉಪನ್ಯಾಸಕ. ನನ್ನ ಪಾತ್ರದ ಇಂಟೆಲಿಜೆನ್ಸ್ 6. ಒಗಟು ಬಂದಾಗಲೆಲ್ಲ 'ನಿಮ್ಮವನು ದಡ್ಡ, ನೀವು ಸುಮ್ಮನಿರಿ ಸರ್' ಅಂತಾರೆ. ಉತ್ತರ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿ ಕೂರಬೇಕೇ?
(ಮೈಸೂರಿನ ಓದುಗರು)

ಉತ್ತರ: ಕೂರಬೇಡಿ. ಲೆಕ್ಕದ ಮೇಷ್ಟ್ರಿಗೆ ಲೆಕ್ಕದಿಂದಲೇ ಶುರುಮಾಡುತ್ತೇನೆ. ಆರು ಮುಖದ ಮೂರು ದಾಳ ಕೂಡಿಸಿ ಅಂಕಿ ತೆಗೆಯುವ ಹಳೆಯ ಪದ್ಧತಿಯಲ್ಲಿ 6 ಅಥವಾ ಅದಕ್ಕೂ ಕಡಿಮೆ ಬೀಳುವುದು 216ರಲ್ಲಿ 20 ಸಲ. ಹತ್ತು ಹನ್ನೊಂದು ಜನರಲ್ಲಿ ಒಬ್ಬ ಅಂದ ಹಾಗಾಯಿತು. ತುಂಬಿದ ಸಿಟಿ ಬಸ್ಸಿನಲ್ಲಿ ಅಂಥವರು ನಾಲ್ಕೈದು ಮಂದಿ ಇರಬೇಕು. ಅವರೆಲ್ಲ ಚಿಲ್ಲರೆ ಸರಿಯಾಗಿಯೇ ಎಣಿಸಿಕೊಳ್ಳುತ್ತಾರೆ, ತಮ್ಮ ಸ್ಟಾಪಿನಲ್ಲೇ ಇಳಿಯುತ್ತಾರೆ.

ಇನ್ನು ಒಗಟು. ಗೇಮ್ ಮಾಸ್ಟರ್ ಒಗಟು ತಂದದ್ದು ಪಾತ್ರಗಳಿಗಲ್ಲ, ಮೇಜಿನ ಸುತ್ತ ಇರುವ ನಿಮಗೆ. ಪಾತ್ರಗಳಿಗೆ ತಂದಿದ್ದರೆ ಒಂದು ದಾಳ ಹಾಕಿ ಮುಗಿಸಬಹುದಿತ್ತು. ಆದ್ದರಿಂದ ಬಿಡಿಸುವುದು ಎಲ್ಲರೂ ಸೇರಿ, ಕಥೆಯಲ್ಲಿ ಹೇಳುವುದು ಯಾರ ಬಾಯಲ್ಲಿ ಚೆಂದವೋ ಅವರು. ನಿಮ್ಮ ಉತ್ತರವನ್ನು ಮಾಂತ್ರಿಕನ ಆಟಗಾರರ ಕಿವಿಗೆ ಹಾಕಿ. ಅವರು ಬಿಡಿಸಲಾರದೆ ಕೂತಿರುವಾಗ ಅವರ ಪಾತ್ರದ 18ಕ್ಕೂ ಮರ್ಯಾದೆ ಉಳಿಯಿತು.

ಇದಕ್ಕಿಂತ ರುಚಿಯಾದ ದಾರಿ ಇನ್ನೊಂದಿದೆ. 'ಉತ್ತರನ ಪೌರುಷ ಒಲೆಯ ಮುಂದೆ' ಅನ್ನುತ್ತೇವಲ್ಲ, ತಾಳಮದ್ದಳೆಯಲ್ಲಿ ಆ ಉತ್ತರಕುಮಾರನ ಅರ್ಥವನ್ನು ಪೆದ್ದರ ಕೈಗೆ ಕೊಡುವುದಿಲ್ಲ. ಅಂತಃಪುರದಲ್ಲಿ ಎಷ್ಟು ಕೊಚ್ಚಬೇಕು, ಕೌರವ ಸೇನೆ ಕಂಡಾಗ ಯಾವ ಮಾತಿಗೆ ದನಿ ನಡುಗಬೇಕು, ರಥದಿಂದ ಯಾವಾಗ ಹಾರಬೇಕು, ಇದಕ್ಕೆಲ್ಲ ಪಳಗಿದವರು ಬೇಕು. ನಮ್ಮ ಮೇಜಿನಲ್ಲಿ ಸಿ.ಎ. ಓದಿದ ಹುಡುಗಿ ಒಬ್ಬಳು ಬುದ್ಧಿ 7 ಇರುವ ಕುಸ್ತಿಪಟುವನ್ನು ಆಡಿಸುತ್ತಾಳೆ. ಮೂರು ಹಿಡಿಕೆಗಳ ಒಗಟು ಇಟ್ಟಿದ್ದೆ. ಅವಳಿಗೆ ಉತ್ತರ ಹೊಳೆದದ್ದು ಕಣ್ಣಲ್ಲೇ ಗೊತ್ತಾಯಿತು. ಅವಳ ಪಾತ್ರ ಮಾತ್ರ 'ನನಗೆ ಹಸಿವು. ಆ ನಡುವಿಂದು ಲಾಡು ಥರಾ ಐತೆ' ಎಂದು ಮಧ್ಯದ ಹಿಡಿಕೆಯನ್ನು ಎಳೆದುಬಿಟ್ಟಿತು. ಬಾಗಿಲು ತೆರೆಯಿತು. ನಮ್ಮ ಮಾಂತ್ರಿಕ ಅದೇ ಹಿಡಿಕೆ ಯಾಕೆ ಸರಿ ಎಂದು ಐದು ನಿಮಿಷ ವಿವರಿಸಿದ, ಕೇಳುವವರು ಯಾರೂ ಇರಲಿಲ್ಲ.

ಪ್ರಶ್ನೆ: ಎಲ್ಲದಕ್ಕೂ ಗೇಮ್ ಮಾಸ್ಟರ್ ತೀರ್ಪೇ ಅಂತಿಮ ಅಂದಮೇಲೆ ದಾಳ ಯಾಕೆ ಬೇಕು?
(ಕಲಬುರಗಿಯ ಓದುಗರು)

ಉತ್ತರ: ಇದು ಪ್ರಷ್ಯದ ಸೈನ್ಯದಲ್ಲೇ ನಡೆದ ಜಗಳ. 1824ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ ದಾಳ, ಕೋಷ್ಟಕ ಎಲ್ಲ ಇರುವ ಯುದ್ಧದಾಟ ಮಾಡಿಕೊಟ್ಟ. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ, ಅದೆಲ್ಲ ಬೇಡ, ನಡುವೆ ಕೂತ ಪಂಚನ ಅನುಭವವೇ ಸಾಕು ಅಂದ. ಅಲ್ಲಿ ಪಂಚನಾಗಿ ಕೂರುತ್ತಿದ್ದದ್ದು ಸೈನ್ಯದ ಅಧಿಕಾರಿ. ನಾನು ಕಂಡ ಅತಿ ಘೋರ ಯುದ್ಧ ಅಂದರೆ ಸಂಜೆ ಆರಕ್ಕೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವುದು. ನನಗೆ ದಾಳ ಬೇಕು.

ಪ್ರಶ್ನೆ: ಬೆಂಗಳೂರಿಗೆ ಬಂದು ಒಂದು ಗುಂಪು ಸೇರಿದ್ದೇನೆ. ಎಲ್ಲರೂ ಇಂಗ್ಲಿಷಿನಲ್ಲೇ ಆಡುತ್ತಾರೆ. ಓದಿದರೆ ತಿಳಿಯುತ್ತದೆ, ಮಾತು ನಿಧಾನ. ನಾನು ವಾಕ್ಯ ಜೋಡಿಸುವುದರೊಳಗೆ ಇನ್ನೊಬ್ಬರು ಹೇಳಿ ಆಗಿರುತ್ತದೆ. ಬಿಟ್ಟುಬಿಡಲೇ?
(ಹಾಸನ ಜಿಲ್ಲೆಯ ಓದುಗರು)

ಉತ್ತರ: ಬಿಡಬೇಡಿ. ಯಾರ ಹಾಳೆಯಲ್ಲೂ ಬರೆಯದ ಏಳನೇ ಅಂಕಿ ಇದು. ಇಂಗ್ಲಿಷ್ 18 ಇದ್ದವರ ಪಾತ್ರ ತಾನಾಗಿಯೇ ಗುಂಪಿನ ನಾಯಕ ಆಗಿಬಿಡುತ್ತದೆ, ಅವರ ಕರಿಸ್ಮಾ ಎಷ್ಟೆಂದು ಯಾರೂ ನೋಡುವುದಿಲ್ಲ. ಪುಸ್ತಕ ಇಂಗ್ಲಿಷಿನಲ್ಲಿದೆ ನಿಜ. ಇನಿಶಿಯೇಟಿವ್, ಸೇವಿಂಗ್ ಥ್ರೋ ಮುಂತಾದ ಆಟದ ಪದಗಳು ಹಾಗೇ ಇರಲಿ, ಅವನ್ನು ಯಾರೂ ಕನ್ನಡಿಸಬೇಕಾಗಿಲ್ಲ. ಆದರೆ ಟ್ರೋಲ್ ಎಂಬ ರಾಕ್ಷಸ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಯಾವ ಪುಟದಲ್ಲೂ ಬರೆದಿಲ್ಲ. ನಿಮ್ಮ ಸರದಿ ಬಂದಾಗ ಕನ್ನಡದಲ್ಲಿ ಹೇಳುತ್ತೇನೆ ಎಂದು ಗೇಮ್ ಮಾಸ್ಟರ್‌ಗೆ ಮೊದಲೇ ಹೇಳಿ. ಕನ್ನಡ ಬಾರದವರು ಮೇಜಿನಲ್ಲಿದ್ದರೆ ಪಕ್ಕದವರು ತಿಳಿಸುತ್ತಾರೆ, ಕಥೆಯೊಳಗಿನ ಎಲ್ಫ್ ಜನರ ಭಾಷೆಗೆ ದುಭಾಷಿ ಇರುವುದಿಲ್ಲವೇ, ಹಾಗೆ.

ನಮ್ಮಲ್ಲಿಗೆ ತಿಪಟೂರು ಕಡೆಯ ಹುಡುಗನೊಬ್ಬ ಬಂದಿದ್ದ. ಮೂರು ಭಾನುವಾರ ಉಪ್ಪಿಟ್ಟು ತಿಂದು ದಾಳ ಹಾಕಿದ್ದು ಬಿಟ್ಟರೆ ಬಾಯಿ ತೆರೆದವನಲ್ಲ. ನಾಲ್ಕನೇ ವಾರ ಸೇತುವೆಯ ಟ್ರೋಲ್ ಅಡ್ಡ ನಿಂತು ಸುಂಕ ಕೇಳಿತು. ಅವತ್ತು ಯಾಕೋ ಟ್ರೋಲ್ ನನ್ನ ಬಾಯಲ್ಲಿ ಕನ್ನಡದಲ್ಲಿ ಗದರಿತು: 'ತಲೆಗೆ ಹತ್ತು ಹೊನ್ನು. ಇಲ್ದಿದ್ರೆ ಹೊಳೆಗೆ ಬೀಳಿ.' ಹುಡುಗ ಎದ್ದು ಹೆಗಲ ಮೇಲಿದ್ದ ಟವೆಲ್ ತೆಗೆದು ನನ್ನ ಅಂಗೈ ಮೇಲೆ ಹೊದಿಸಿದ. ದನದ ಜಾತ್ರೆಯಲ್ಲಿ ಬಟ್ಟೆಯ ಅಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರಲ್ಲ, ಅದೇ. ಬಾಯಲ್ಲಿ ಒಂದು ಮಾತಿಲ್ಲ. ನನ್ನ ಎರಡು ಬೆರಳು ಹಿಡಿದ, ಅಂದರೆ ಎರಡು ಹೊನ್ನು.

ಅವನ ಪಾತ್ರದ ಕರಿಸ್ಮಾ 9. ನಾನು ಎರಡು ದಾಳ ಹಾಕಲು ಹೇಳಿದೆ. 4 ಮತ್ತು 6 ಬಿತ್ತು. ಟ್ರೋಲ್ ಒಪ್ಪಲಿಲ್ಲ, ಹತ್ತಕ್ಕೇ ನಿಂತಿತು. ಹುಡುಗ ಟವೆಲ್ ತೆಗೆಯಲಿಲ್ಲ, ಮೂರನೇ ಬೆರಳು ಹಿಡಿದ.